ಶ್ರೋತ್ರವೂ ಪರಿಹಾಸವೂ

ಷಟ್‌ಸ್ಥಲ ಸಿದ್ಧಾಂತದಲ್ಲಿ ಶ್ರೋತ್ರವು ಪ್ರಸಾದಲಿಂಗದ ಮುಖವೆನಿಸಿದೆ; ಶಬ್ದವೇ ಅಲ್ಲಿ ಅರ್ಪಿತವಾಗುವ ದ್ರವ್ಯ. ದೀಕ್ಷಾಕಾಲದಲ್ಲಿ ಶ್ರೀಗುರುವು ಪಂಚಾಕ್ಷರಿಯನ್ನು ಉಪದೇಶಿಸುವುದೂ ಶಿಷ್ಯನ ಕಿವಿಯಲ್ಲಿಯೇ. ಅಂತಹ ಕಿವಿಯುಳ್ಳ ಬಾಲಕನು ಶಾಲೆಯಿಂದ ಅಳುತ್ತ ಬಂದು, "ಅವ್ವಾ, ಎಲ್ಲಾರೂ ನನಗ ಮೊರದ ಕಿವಿಯಾಂವ ಅಂತಾರ" ಎಂದರೆ ತಾಯಿತಂದೆಗಳು ಏನು ಮಾಡಬೇಕು? ಶಸ್ತ್ರದಿಂದ ಕಿವಿಯನ್ನು ತಿದ್ದಿಸುವುದು ಶಿವನಿತ್ತ ಕಾಯಕ್ಕೆ ಬಗೆದ ದ್ರೋಹವೇ ಎಂದು ಕೆಲವು ಗೃಹಸ್ಥರು ಸಂದೇಹಪಡುವುದುಂಟು.

ಮುಂಚಾಚಿದ ಕಿವಿಯು ರೋಗವಲ್ಲ. ಶ್ರವಣಶಕ್ತಿಗೆ ಅದರಿಂದ ಕುಂದಿಲ್ಲ. ಹೊರಗಿವಿಯ ಮೃದ್ವಸ್ಥಿಯಲ್ಲಿ ಒಂದು ಮಡಿಕೆಯು ಸರಿಯಾಗಿ ಮೂಡದಿದ್ದಾಗ, ಇಲ್ಲವೆ ಅದರ ಬಟ್ಟಲಿನಂತಹ ಭಾಗವು ಹೆಚ್ಚು ಆಳವಾದಾಗ, ಕಿವಿಯು ತಲೆಯಿಂದ ದೂರ ನಿಲ್ಲುತ್ತದೆ. ವೈದ್ಯನು ಕಿವಿಯ ಹಿಂಬದಿಯಲ್ಲಿ ಕೊಯ್ದು ಹೊಲಿಗೆಯಿಂದ ಆ ಮಡಿಕೆಯನ್ನು ಮೂಡಿಸುತ್ತಾನೆ. 1881ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಈಲಿ ಎಂಬ ವೈದ್ಯನು ಇಂತಹ ಚಿಕಿತ್ಸೆ ಮಾಡಿದುದು 12 ವರ್ಷದ ಬಾಲಕನಿಗೆ. ಅವನನ್ನೂ ಓರಗೆಯವರು ಹಾಸ್ಯಮಾಡುತ್ತಿದ್ದರು. ಹರಿದ ಕಿವಿಯ ಹಾಲೆಯನ್ನು ಜೋಡಿಸುವ ಕ್ರಮವನ್ನಂತೂ ಸುಶ್ರುತಸಂಹಿತೆಯೇ ಹೇಳಿದೆ.

ಕಾಯವು ಪ್ರಸಾದಕಾಯವಾಗುವುದು ಆಕಾರದಿಂದಲ್ಲ, ಲಿಂಗಾರ್ಪಿತವಾದ ನಡೆಯಿಂದ. ಕಿವಿ ಚುಚ್ಚಿಸಿ ಓಲೆಯಿಡುವಾಗ ಯಾರೂ ಧರ್ಮಸಂಕಟಕ್ಕೆ ಬೀಳುವುದಿಲ್ಲ! ಮಗುವಿನ ನೋವನ್ನು ಕಳೆಯುವ ಶಸ್ತ್ರ ಮಾತ್ರ ದ್ರೋಹವಾದೀತೇ? ಆದರೆ ಬೇಡವೆನ್ನುವ ಮಗಳನ್ನು, ವರನ ಕಡೆಯವರ ಕಣ್ಣಿಗೆ ಒಪ್ಪಲೆಂದು, ಆಸ್ಪತ್ರೆಗೆ ಎಳೆದೊಯ್ಯುವುದು ಬೇರೆಯೇ ಮಾತು. ಅದನ್ನು ಯಾವ ಭಕ್ತನೂ ಸಮರ್ಥಿಸಲಾರನು.

ಇನ್ನು ಪರಿಹಾಸ ಮಾಡಿದ ನಾಲಗೆಯ ವಿಚಾರ. ಮಂತ್ರವು ಸೇರಿದ ಕಿವಿಯೊಳಕ್ಕೇ ಆ ಕುಹಕದ ನುಡಿಯೂ ಸೇರಿತು; ಆ ಹಸುಳೆಯ ಪ್ರಸಾದಲಿಂಗಕ್ಕೆ ನೆರೆಯವರು ಅರ್ಪಿಸಿದುದು ಅದು! ಎಷ್ಟೋ ಮನೆಗಳಲ್ಲಿ ಇಂತಹ ಅಡ್ಡಹೆಸರು ಮೊದಲು ಹುಟ್ಟುವುದು ಶಾಲೆಯಲ್ಲಲ್ಲ, ಲಾಲನೆಯ ನೆಪದಲ್ಲಿ, ಸೋದರಮಾವನ ಬಾಯಲ್ಲಿ. ಶಸ್ತ್ರವೈದ್ಯನಲ್ಲಿಗೆ ಹೋಗುವ ಮುನ್ನ ಆ ಹೆಸರನ್ನು ಮನೆಯಿಂದ ಹೊರಗೆ ಹಾಕುವುದಕ್ಕೆ ಕಾಸು ಖರ್ಚಿಲ್ಲ.

ಐದಾರು ವರ್ಷದ ಹೊತ್ತಿಗೆ ಕಿವಿಯು ಬಹುಮಟ್ಟಿಗೆ ಬೆಳೆದಿರುತ್ತದೆ; ಸಾಮಾನ್ಯವಾಗಿ ವೈದ್ಯರು ಅದಕ್ಕೆ ಮೊದಲು ಶಸ್ತ್ರ ಹಿಡಿಯುವುದಿಲ್ಲ. ರಕ್ತ ಕಟ್ಟುವುದು, ಸೋಂಕು, ಕಿವಿಯು ಮರಳಿ ಚಾಚುವುದು, ಇವುಗಳ ಸಂಭವವೂ ಉಂಟು. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಮೃದ್ವಸ್ಥಿಯು ಮೆತ್ತಗಿರುವುದರಿಂದ, ಕೊಯ್ಯದೆಯೇ ಅಚ್ಚು ಕಟ್ಟಿ ಅದನ್ನು ತಿದ್ದಬಹುದು. ಶಿಶುವಿಗೆ ಲಿಂಗಧಾರಣೆ ಮಾಡಿಸುವ ದಿನಗಳಲ್ಲಿಯೇ ವೈದ್ಯರನ್ನು ಕೇಳುವುದು ಲೇಸು. ಆ ಕಾಲ ಮೀರಿದ್ದರೆ ಮಗುವು ತಾನಾಗಿ ಕೇಳುವವರೆಗೆ ಕಾಯಬೇಕು. ಕೇಳದೆ ಆಡಿಕೊಂಡಿದ್ದರೆ ಆ ಕಿವಿಗಳು ಇದ್ದಂತೆಯೇ ಇರಲಿ.