ಆಟದ ಮೈದಾನದಲ್ಲಿ ಮಗಳ ಪಾಲು

ನಿಮ್ಮೂರಿನ ಪ್ರೌಢಶಾಲೆಯ ಮೈದಾನವನ್ನು ಆಟದ ಅವಧಿಯಲ್ಲಿ ಒಮ್ಮೆ ನೋಡಿರಿ. ಗಂಡುಮಕ್ಕಳು ಮೈದಾನವಿಡೀ ಓಡಾಡುತ್ತಿರುತ್ತಾರೆ. ಹೆಣ್ಣುಮಕ್ಕಳಲ್ಲಿ ಕೆಲವರು ಒಂದು ಮೂಲೆಯಲ್ಲಿ ಥ್ರೋಬಾಲ್ ಆಡುತ್ತಿರಬಹುದು. ಉಳಿದವರು ಜಗಲಿಯ ಮೇಲೆ ಗುಂಪಾಗಿ ಕುಳಿತಿರುತ್ತಾರೆ. ಐದನೆಯ ತರಗತಿಯಲ್ಲಿ ಕುಂಟೆಬಿಲ್ಲೆ, ಲಗೋರಿ, ಖೋ ಖೋ ಎಂದು ಕುಣಿದಾಡುತ್ತಿದ್ದ ಹುಡುಗಿಯರೇ ಎಂಟನೆಯ ತರಗತಿಗೆ ಬಂದಾಗ ಒಬ್ಬೊಬ್ಬರಾಗಿ ಜಗಲಿ ಸೇರುತ್ತಾರೆ. ಹತ್ತನೆಯ ತರಗತಿಗೆ ಬರುವಾಗ, ತಾಲೂಕು ಮಟ್ಟದ ಪಂದ್ಯಕ್ಕೆ ಒಂದು ತಂಡವನ್ನು ಕೂಡಿಸುವುದೇ ದೈಹಿಕ ಶಿಕ್ಷಣ ಶಿಕ್ಷಕರಿಗೆ ಕಷ್ಟವಾಗುತ್ತದೆ.

ಇದು ನಮ್ಮ ಊರಿನ ಅಥವಾ ನಮ್ಮ ಸಮುದಾಯದ ಸಮಸ್ಯೆ ಮಾತ್ರವಲ್ಲ. ಬೆಳೆಯುವ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ತಜ್ಞರು 146 ದೇಶಗಳ, 11ರಿಂದ 17 ವರ್ಷದ ಶಾಲಾ ಮಕ್ಕಳ ಕುರಿತು ನಡೆಸಿದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. 2016ರಲ್ಲಿ ಹುಡುಗರಲ್ಲಿ ನೂರಕ್ಕೆ 78 ಮಂದಿಗೆ, ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಆ ಒಂದು ಗಂಟೆ ದಕ್ಕುತ್ತಿರಲಿಲ್ಲ ಎಂದು ಅದು ತಿಳಿಸಿತು. 2001ರಿಂದ 2016ರ ನಡುವೆ ಹುಡುಗರ ಸ್ಥಿತಿ ಅಲ್ಪಸ್ವಲ್ಪ ಸುಧಾರಿಸಿತ್ತು. ಹುಡುಗಿಯರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಎಲ್ಲ ಕಡೆಯೂ ಹೀಗೆಯೇ ಇದೆಯಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಏಕೆಂದರೆ ಮಗಳನ್ನು ಆಟದಿಂದ ಬಿಡಿಸುವಾಗ ನಮ್ಮಲ್ಲಿ ಅನೇಕರು ಧರ್ಮದ ಹೆಸರು ಹೇಳುತ್ತೇವೆ. ಧರ್ಮದ ಹೆಸರು ಹೇಳಿದ ಮೇಲೆ, ಧರ್ಮವು ನಿಜವಾಗಿ ಏನು ಹೇಳಿದೆ ಎಂದು ಪರಿಶೀಲಿಸುವ ಹೊಣೆಯೂ ನಮ್ಮದೇ.

ಲಜ್ಜೆಯು ವಿಶ್ವಾಸದ ಒಂದು ಅಂಗ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಲಜ್ಜೆ ಎಂದರೆ ಸುಮ್ಮನೆ ಕುಳಿತಿರುವುದೇ? ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಮದ್‌ಯನ್‌ನ ಇಬ್ಬರು ಯುವತಿಯರ ವೃತ್ತಾಂತವಿದೆ. ತಂದೆಗೆ ವಯಸ್ಸಾಗಿತ್ತು. ಆದ್ದರಿಂದ ಜಾನುವಾರುಗಳಿಗೆ ನೀರುಣಿಸಲು ಆ ಹೆಣ್ಣುಮಕ್ಕಳೇ ಬಂದಿದ್ದರು. ಗಂಡಸರ ನೂಕುನುಗ್ಗಲಿನೊಳಗೆ ಅವರು ಸೇರಲಿಲ್ಲ. ಹಾಗೆಂದು ಮನೆಗೆ ಮರಳಿಯೂ ಹೋಗಲಿಲ್ಲ. ತಮ್ಮ ಸರದಿಗಾಗಿ ಕಾದು ನಿಂತರು. ಹ. ಮೂಸಾ(ಅ) ಅದನ್ನು ಕಂಡು, ನಿಮಗಿಲ್ಲೇನು ಕೆಲಸ ಎಂದು ಗದರಲಿಲ್ಲ. ಅವರ ಜಾನುವಾರುಗಳಿಗೆ ನೀರುಣಿಸಿಕೊಟ್ಟರು. ಬಳಿಕ ಅವರಲ್ಲೊಬ್ಬಳು ಮೂಸಾ(ಅ)ರ ಬಳಿಗೆ ಬಂದಾಗ, ಅವಳು ಲಜ್ಜೆಯಿಂದ ನಡೆದು ಬಂದಳು ಎಂದು ಕುರ್‌ಆನ್ ವರ್ಣಿಸುತ್ತದೆ. ಗಮನಿಸಿರಿ, ಬಯಲಿನಲ್ಲಿ ಮೈಮುರಿದು ದುಡಿಯುತ್ತಿದ್ದ ಹೆಣ್ಣುಮಗಳ ನಡಿಗೆಯಲ್ಲಿ ಕುರ್‌ಆನ್ ಲಜ್ಜೆಯನ್ನು ತೋರಿಸಿಕೊಟ್ಟಿದೆ.

ಅದು ಅನಿವಾರ್ಯವಾದ ದುಡಿಮೆ, ಆಟವಲ್ಲ ಎಂದು ನೀವು ಹೇಳಬಹುದು. ಹಾಗಾದರೆ ಆಟದ ಉದಾಹರಣೆಯನ್ನೇ ನೋಡೋಣ. ಪ್ರವಾದಿ ಮುಹಮ್ಮದ್(ಸ)ರು ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದು ಅಬೂದಾವೂದ್ ಮತ್ತು ಮುಸ್ನದ್ ಅಹ್ಮದ್‌ಗಳಲ್ಲಿ ವರದಿಯಾಗಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಕೆಲವು ಕಾಲದ ನಂತರ, ಅವರ ಮೈ ತುಂಬಿಕೊಂಡಿದ್ದಾಗ ಪ್ರವಾದಿ(ಸ) ಗೆದ್ದರು. ಅಂದಿನದ್ದಕ್ಕೆ ಇದು ಸರಿಯಾಯಿತೆಂದು ನಕ್ಕರು. ಮುಸ್ನದ್ ಅಹ್ಮದ್‌ನ ವರದಿಯಲ್ಲಿ ಒಂದು ಸೂಕ್ಷ್ಮವಿದೆ. ಓಟಕ್ಕೆ ಮುಂಚೆ ಪ್ರವಾದಿ(ಸ)ರು ಜೊತೆಗಿದ್ದ ಜನರನ್ನು ಮುಂದೆ ಸಾಗುವಂತೆ ಹೇಳಿದರು. ಜನರಿದ್ದಾರೆ, ಆದ್ದರಿಂದ ಓಟ ಬೇಡ ಎನ್ನಲಿಲ್ಲ. ಜನರನ್ನು ಮುಂದೆ ಕಳುಹಿಸಿ ಓಟಕ್ಕೆ ಅವಕಾಶ ಮಾಡಿಕೊಟ್ಟರು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಸಮ್ಮತವಾದ ಒಂದು ಕಾರ್ಯದಲ್ಲಿ ಅಸಮ್ಮತವಾದ ಒಂದು ಅಂಶ ಬೆರೆತಿದ್ದರೆ ಅಂಶವನ್ನು ತೆಗೆಯಬೇಕೇ, ಕಾರ್ಯವನ್ನೇ ತೆಗೆಯಬೇಕೇ? ಚಡ್ಡಿಯ ಸಮವಸ್ತ್ರ ಸರಿಯಿಲ್ಲವೆಂದಾದರೆ ಬದಲಾಗಬೇಕಾದದ್ದು ಸಮವಸ್ತ್ರ. ಬಟ್ಟೆ ಬದಲಿಸಲು ಕೋಣೆಯಿಲ್ಲವೆಂದಾದರೆ ಕೋಣೆ ಬೇಕು. ಗಂಡಸರು ಬೇಲಿಯ ಬಳಿ ನಿಂತು ಚುಡಾಯಿಸುತ್ತಾರೆಂದಾದರೆ ದೃಷ್ಟಿ ತಗ್ಗಿಸುವಂತೆ ಮೊದಲು ಆಜ್ಞಾಪಿಸಲ್ಪಟ್ಟ ಆ ಗಂಡಸರನ್ನು ತಿದ್ದಬೇಕು. ಇವೆಲ್ಲವೂ ಹಿರಿಯರ ಕೆಲಸ. ನಾವು ಮಾಡುವುದೇನು? ನಮ್ಮ ಕೆಲಸವನ್ನು ಬಾಕಿಯಿರಿಸಿ, ಅದರ ದಂಡವನ್ನು ಹದಿಮೂರು ವರ್ಷದ ಹುಡುಗಿಯಿಂದ ವಸೂಲು ಮಾಡುತ್ತೇವೆ. ಅದಕ್ಕೆ ಲಜ್ಜೆ ಎಂದು ಹೆಸರಿಡುತ್ತೇವೆ.

ಇನ್ನೂ ಒಂದು ವಿಷಯವಿದೆ. ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಅವರಿಗೊಂದು ಕೊಡುಗೆ ನೀಡಿ, ಅದಕ್ಕೆ ಸಾಕ್ಷಿಯಾಗುವಂತೆ ಪ್ರವಾದಿ(ಸ)ರನ್ನು ಕೇಳಿಕೊಂಡರು. ಉಳಿದ ಮಕ್ಕಳಿಗೂ ಇಂಥದೇ ಕೊಟ್ಟಿದ್ದೀಯಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲವೆಂದು ತಿಳಿದಾಗ ಸಾಕ್ಷಿಯಾಗಲು ನಿರಾಕರಿಸಿ, ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಆದೇಶಿಸಿದರು. ಮಗನಿಗೆ ನಾವು ಬ್ಯಾಟು ಕೊಡಿಸುತ್ತೇವೆ, ಸಂಜೆಯ ಒಂದು ಗಂಟೆಯನ್ನೂ ಕೊಡುತ್ತೇವೆ. ಆ ಒಂದು ಗಂಟೆಯೂ ಒಂದು ಕೊಡುಗೆಯೇ. ಅದೇ ಹೊತ್ತಿನಲ್ಲಿ ಮಗಳ ಕೈಗೆ ನಾವು ಏನು ಕೊಡುತ್ತೇವೆ? ಪೊರಕೆ, ಪಾತ್ರೆ, ಇಲ್ಲವೇ ಮೊಬೈಲ್. ಗಂಡು ಹೆಣ್ಣಿನ ಉಡುಪಿನ ನಿಯಮಗಳಲ್ಲಿ ವ್ಯತ್ಯಾಸವಿದೆ, ನಿಜ. ಆದರೆ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂಬ ಪ್ರವಾದಿವಚನದಿಂದ ಹೆಣ್ಣಿನ ದೇಹವನ್ನು ಹೊರತುಪಡಿಸಿದವರು ಯಾರು?

ಪರೀಕ್ಷೆಯಿದೆ ಎಂಬ ನೆಪವೂ ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಗನಿಗೂ ಇದೆ. ಬಿಸಿಲಿಗೆ ಮೈ ಕಪ್ಪಾದರೆ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಭಯಕ್ಕಂತೂ ಧರ್ಮದೊಂದಿಗೆ ಯಾವ ನಂಟೂ ಇಲ್ಲ. ಆ ಭಯವನ್ನು ಧರ್ಮದ ಹೊದಿಕೆಯಲ್ಲಿ ಮುಚ್ಚಿಡುವುದು ಧರ್ಮಕ್ಕೆ ಮಾಡುವ ಅನ್ಯಾಯ.

ಇದರ ನಷ್ಟ ಸಣ್ಣದಲ್ಲ. ಮನುಷ್ಯನ ಎಲುಬು ಬಹುಪಾಲು ಗಟ್ಟಿಯಾಗುವುದು ಹದಿಹರೆಯದಲ್ಲಿ. ಓಟ, ಜಿಗಿತಗಳು ಅದಕ್ಕೆ ಬಲ ಕೊಡುತ್ತವೆ. ಆಗ ಕೂಡಿಡದ ಬಲವನ್ನು ನಲ್ವತ್ತರ ಪ್ರಾಯದಲ್ಲಿ ಔಷಧಿಯಂಗಡಿಯಿಂದ ಕೊಂಡು ತರಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎನ್ನಬೇಡಿರಿ. ಅವಳ ರಕ್ತ ಪರೀಕ್ಷೆ ಮಾಡಿಸಿರಿ, ತಟ್ಟೆಗೆ ಸೊಪ್ಪು, ಕಾಳು, ಮೀನು, ಮಾಂಸ ಬಡಿಸಿರಿ. ಮೈದಾನಕ್ಕೆ ಇಳಿಯದ ಹುಡುಗಿಯ ಇಂತಹ ದೌರ್ಬಲ್ಯ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನೂ ಯೋಚಿಸಿರಿ.

ಕೇಳಿದರೆ ದಾರಿ ತೆರೆಯುತ್ತದೆ. ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾ 2014ರಲ್ಲಿ, ಬಾಸ್ಕೆಟ್‌ಬಾಲ್‌ನ ಜಾಗತಿಕ ಸಂಸ್ಥೆ 2017ರಲ್ಲಿ ಶಿರವಸ್ತ್ರ ಧರಿಸಿ ಆಡಲು ಅನುಮತಿ ನೀಡಿದವು. ಆಟಗಾರ್ತಿಯರೂ ಅವರ ಬೆಂಬಲಿಗರೂ ವರ್ಷಗಟ್ಟಲೆ ಕೇಳಿದ್ದರ ಫಲವದು. ನಾವು ನಮ್ಮೂರಿನ ಮುಖ್ಯೋಪಾಧ್ಯಾಯರನ್ನು ಒಮ್ಮೆಯಾದರೂ ಕೇಳಿದ್ದೇವೆಯೇ? ಹೆತ್ತವರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಎದ್ದು ನಿಂತು, ಹುಡುಗಿಯರಿಗೆ ಪೂರ್ಣ ತೋಳಿನ ಸಡಿಲ ಉಡುಪು, ಬೇರೆ ಅವಧಿ, ಜೊತೆಗೆ ಓರ್ವ ಶಿಕ್ಷಕಿ ಬೇಕೆಂದು ಕೇಳಬಹುದು. ಮದ್ರಸದ ಅಂಗಳವನ್ನು ವಾರದಲ್ಲಿ ಎರಡು ಸಂಜೆ ಹೆಣ್ಣುಮಕ್ಕಳಿಗೆಂದೇ ಬಿಟ್ಟುಕೊಡಬಹುದು. ಇದಾವುದೂ ಆಗದಿದ್ದರೆ ಮನೆಯ ಹಿತ್ತಿಲಲ್ಲಿ ಒಂದು ಹಗ್ಗ ಕಟ್ಟಿ, ತಂದೆಯೇ ಮಗಳೊಂದಿಗೆ ಶಟ್ಲ್ ಆಡಬಹುದು. ಅದು ತಂದೆಯ ಘನತೆಗೆ ಕುಂದಲ್ಲ. ಪತ್ನಿಯೊಂದಿಗೆ ಓಡಿದ ಪ್ರವಾದಿ(ಸ)ರಿಗಿಂತ ಘನತೆಯುಳ್ಳವರು ನಮ್ಮಲ್ಲಿ ಯಾರಿದ್ದಾರೆ?

ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವವರ ಕುರಿತು ವಿಚಾರಿಸಲ್ಪಡುವರು ಎಂಬುದು ನಮ್ಮ ವಿಶ್ವಾಸ. ಅಲ್ಲಾಹನು ನಮ್ಮ ಕೈಗೆ ಅಮಾನತ್ತಾಗಿ ಒಪ್ಪಿಸಿದ ದೇಹಗಳಲ್ಲಿ ಮಗಳದ್ದೂ ಒಂದು. ಶಾಲೆಯಿಂದ ಬಂದ ಮಗನನ್ನು, ಇಂದು ಯಾರು ಗೆದ್ದರು ಎಂದು ನಾವು ಕೇಳುತ್ತೇವೆ. ನಾಳೆ ಮಗಳನ್ನೂ ಕೇಳಿ ನೋಡಿರಿ. ಅವಳ ಬಳಿ ಉತ್ತರವಿಲ್ಲದಿದ್ದರೆ, ಆ ಉತ್ತರವನ್ನು ಹುಡುಕಬೇಕಾದವರು ನಾವು.