ಪಲ್ಟನ್ನಿಗೆ ಆತ್ಮವಿದೆಯೇ?

ಸೈನಿಕರೆಲ್ಲ ಬದಲಾದ ಮೇಲೂ ಪಲ್ಟನ್ ಅದೇ ಆಗಿ ಉಳಿಯುತ್ತದೆಯೇ? ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ‘ಜಂಗಿ ಪಲ್ಟನ್’, 1768ರಲ್ಲಿ ಮುಂಬಯಿಯ ರಕ್ಷಣೆಗೆಂದು ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ತುಕಡಿ. 1774ರಲ್ಲಿ ಕಂಪನಿಯ ಸೇನೆ ಅಂಧೇರಿ ಸೇರಿದಂತೆ ಇಡೀ ಸಾಷ್ಟಿ ದ್ವೀಪವನ್ನು ಮರಾಠರಿಂದಲೇ ಕಿತ್ತುಕೊಂಡಿತು. ಇಂದು ಆ ದಳದ ರಣಘೋಷ ಶಿವಾಜಿ ಮಹಾರಾಜರ ಜಯಕಾರ. ಒಡೆಯರು, ಹೆಸರು, ಆಳುಗಳು ಎಲ್ಲವೂ ಬದಲಾಗಿವೆ. ಆದರೂ ಪಲ್ಟನ್ ತನ್ನ ವಯಸ್ಸನ್ನು 1768ರಿಂದಲೇ ಎಣಿಸುತ್ತದೆ.

ಅದೇ ಅಂಧೇರಿಯ ಮಹಾಕಾಳಿ ಗುಹೆಗಳಲ್ಲಿ ಒಂಬತ್ತನೆಯದರ ಒಳಗೆ, ಕಪ್ಪು ಬಂಡೆಯಲ್ಲೇ ಕೊರೆದ ದುಂಡು ಕೋಣೆ, ಅದರ ನಡುವೆ ಸ್ತೂಪ. ಅಲ್ಲಿ ನೆಲೆಸಿದ್ದ ಬೌದ್ಧ ಭಿಕ್ಷುಗಳ ಪರಂಪರೆ, ಬದಲಾದದ್ದು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಆಳವಾಗಿ ಯೋಚಿಸಿತ್ತು. ಬೌದ್ಧ ಗ್ರಂಥ ‘ಮಿಲಿಂದಪನ್ಹ’ದ ಭಿಕ್ಷು ನಾಗಸೇನ ಶಾಶ್ವತ ಆತ್ಮವನ್ನು ಒಪ್ಪುವುದಿಲ್ಲ. ಆದರೂ, ಒಡೆಯ ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂದು ಹೇಳಿ ಕಳ್ಳ ಪಾರಾಗಲಾರ ಎನ್ನುತ್ತಾನೆ. ಒಂದರಿಂದಲೇ ಇನ್ನೊಂದು ಬಂದದ್ದು. ಬದಲಾಗದ ತಿರುಳು ಇಲ್ಲದಿದ್ದರೂ ಹೊಣೆ ಹರಿದು ಬರುತ್ತದೆ. ಸೇನೆಗಳಿಗೂ ಈ ಭಾವ ಹೊಸದಲ್ಲ: ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ನಾಶವಾದ ತನ್ನ ಮೂರು ಲೀಜನ್‌ಗಳ (ಸೇನಾದಳಗಳ) ಸಂಖ್ಯೆಗಳನ್ನು ರೋಮ್ ಮತ್ತೆ ಯಾವ ಪಡೆಗೂ ಕೊಡಲಿಲ್ಲ. ಸತ್ತವರ ಸೋಲು ಹೊಸಬರಿಗೂ ಅಂಟುತ್ತದೆಂಬ ಅಳುಕು ಅದರಲ್ಲಿ ಕಾಣುತ್ತದೆ.

ಹಾಗಾದರೆ ಅಜ್ಜಂದಿರ ಕೃತ್ಯಕ್ಕೆ ಇಂದಿನ ಯೋಧ ತಪ್ಪಿತಸ್ಥನೇ ಎಂದು ಕೇಳಬಹುದು. ಖಂಡಿತ ಅಲ್ಲ, ತಪ್ಪು ಮಾಡಿದವನದು, ಶಿಕ್ಷೆಯೂ ಅವನಿಗೇ. ಆದರೆ ಹಳೆಯ ಪದಕಗಳನ್ನು ತನ್ನವೆಂದು ಹೇಳುವ ಸಂಸ್ಥೆ, ಕಂಪನಿಗಾಗಿ ಸ್ವದೇಶೀಯರ ಮೇಲೆಯೇ ಕೋವಿ ಹಿಡಿದ ಕಾಲವನ್ನು ಮಾತ್ರ ಪರರದೆಂದು ತಳ್ಳಿಹಾಕುವಂತಿಲ್ಲ.