ಪಟ್ಟಿ ಎಲ್ಲಿಂದ ಶುರುವಾಗಬೇಕು?

"ಮಳೆಗೆ ಜಾತಿ ಇಲ್ಲ, ಗುಡ್ಡಕ್ಕೆ ಕುಲ ಇಲ್ಲ." 2018ರ ಆಗಸ್ಟಿನಲ್ಲಿ ಈ ಮಾತನ್ನು ನಾವು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಅಕ್ಕಿ ಮೂಟೆ ಇಳಿಸುವವರು ಹೇಳಿದರು, ಕಂಬಳಿ ಹಂಚುವವರು ಹೇಳಿದರು, ಮಾತ್ರೆ ಡಬ್ಬ ಹೊತ್ತು ಹೋದ ನಾವೂ ಹೇಳಿದೆವು. ಮಾತು ಸುಳ್ಳಲ್ಲ. ಸುಳ್ಳಲ್ಲದ ಮಾತು ಏನೇನನ್ನು ಮುಚ್ಚಿಡಬಲ್ಲದು ಅನ್ನುವುದು ತಿಳಿಯಲು ನಮಗೆ ಒಂದು ಮಳೆಗಾಲವೇ ಬೇಕಾಯಿತು.

ಸಕಲೇಶಪುರದಿಂದ ಹೆತ್ತೂರು ದಾಟಿ ಬಿಸಿಲೆ ಕಡೆ ಹೋಗುವಾಗ ಮಂಕನಹಳ್ಳಿ ಹತ್ತಿರ ಒಂದು ದಿಣ್ಣೆ ಇದೆ. ಅದರ ಈ ಮಗ್ಗುಲಿಗೆ ಬಿದ್ದ ಹನಿ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಆ ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆಗಿಳಿದು ನೇತ್ರಾವತಿ ಜೊತೆ ಅರಬ್ಬೀ ಸಮುದ್ರಕ್ಕೆ. ಹನಿಗೆ ಭೇದಭಾವ ಇಲ್ಲ, ನಿಜ. ನೆಲಕ್ಕೆ ಇಳಿಜಾರು ಇದೆಯಲ್ಲ? ಔಷಧಿಗೂ ಜಾತಿ ಇಲ್ಲ. ಅದು ಹರಿದು ಹೋಗುವ ನೆಲ ಮಾತ್ರ ಮಳೆ ಬರುವುದಕ್ಕೆ ಸಾವಿರ ವರ್ಷ ಮೊದಲೇ ಒಂದು ಕಡೆಗೆ ವಾಲಿಕೊಂಡಿದೆ.

ಆ ವರ್ಷ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಗುಡ್ಡಗಳು ಮನೆ ತೋಟದ ಸಮೇತ ಜರಿದವು. ನಮ್ಮ ಕಡೆಯೂ ಧರೆ ನಿಲ್ಲಲಿಲ್ಲ. ಕಾಂಕ್ರೀಟ್ ಹಾಕಿ ಜುಲೈನಲ್ಲಷ್ಟೇ ಬಿಟ್ಟಿದ್ದ ಶಿರಾಡಿ ಘಾಟಿ ಆಗಸ್ಟಿನಲ್ಲಿ ಮತ್ತೆ ಮುಚ್ಚಿತು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ಗುಡ್ಡ ಬಂದು ಕೂತು ವಾರಗಟ್ಟಲೆ ರೈಲಿಲ್ಲ. ಬಿಸಿಲೆ ಘಾಟಿಯಲ್ಲೂ ಮಣ್ಣು, ಮರ. (ಈ ಊರಿಗೆ ಬಿಸಿಲೆ ಅಂತ ಹೆಸರಿಟ್ಟವರು ಬೇಸಿಗೆಯಲ್ಲಿ ಬಂದಿರಬೇಕು.) ಹೊರಗಿನವರ ಕಣ್ಣಿಗೆ ಬೀಳುವುದು ಮಣ್ಣಿನಡಿ ಸಿಕ್ಕವರು. ಆದರೆ ರಸ್ತೆ ಹೋದ ದಿನದಿಂದಲೇ ಇನ್ನೊಂದು ಸಾವು ಸದ್ದಿಲ್ಲದೆ ಶುರುವಾಗುತ್ತೆ. ಸಕ್ಕರೆ ಕಾಯಿಲೆಯವನ ಇನ್ಸುಲಿನ್ ಮುಗಿಯುತ್ತೆ. ಕ್ಷಯದವಳ ಮಾತ್ರೆ ಅರ್ಧಕ್ಕೆ ನಿಲ್ಲುತ್ತೆ. ತುಂಬು ಬಸುರಿಯನ್ನು ಚಾಪೆಯಲ್ಲಿ ಹೊತ್ತು ಹಳ್ಳ ದಾಟಿಸಬೇಕಾಗುತ್ತೆ.

ನಾವಾಗ ಕಾಲೇಜು ಹುಡುಗರು. ರಸ್ತೆ ಬದಿಯ ಒಂದು ಸ್ಕೂಲಿನ ಜಗುಲಿ, ಒಂದು ಮೇಜು, ಒಬ್ಬ ಡಾಕ್ಟರು. ಹೆಸರು ಬರೆದುಕೊಳ್ಳುವುದು, ಯಾರು ಮೊದಲು ಯಾರು ಆಮೇಲೆ ಅಂತ ನಿಲ್ಲಿಸುವುದು ನಮ್ಮ ಕೆಲಸ. ಊರಿನ ಹಿರಿಯರೊಬ್ಬರು ಪಟ್ಟಿಯನ್ನು ಮೊದಲೇ ಬರೆದು ತಂದಿದ್ದರು. ರಸ್ತೆಯಿಂದ ಶುರುವಾಗಿ ಮನೆ ಮನೆಯ ಹೆಸರು, ಯಜಮಾನರು, ಅವರ ಹೆಂಗಸರು, ಮಕ್ಕಳು. ಕೊನೆಯಲ್ಲಿ ಒಂದೇ ಸಾಲು: ಕಾಲೋನಿ ಮತ್ತು ಲೈನ್ ಮನೆಯವರು, ಸುಮಾರು 40.

ಆ ಪಟ್ಟಿಯನ್ನು ನಾವು ಹೊಸ ಹಾಳೆಗೆ ಇದ್ದ ಹಾಗೇ ಇಳಿಸಿದೆವು. ನಮ್ಮ ಅಕ್ಷರ ಚೆನ್ನಾಗಿತ್ತು. ನಮ್ಮ ಮನೆಗಳಲ್ಲಿ ಅಕ್ಷರ ಕಲಿತ ಮೊದಲ ಕೈಗಳು ಇವು. ಇಂಥದೇ ಕಾಲೋನಿಗಳಲ್ಲಿ ಹುಟ್ಟಿದ ಈ ಕೈಗಳು ತಮ್ಮವರನ್ನು 'ಸುಮಾರು' ಅಂತ ದುಂಡಗೆ ಬರೆದವು. ಯಾರೂ ಬಲವಂತ ಮಾಡಿರಲಿಲ್ಲ. ತುರ್ತಿನ ಹೊತ್ತು, ಹೊತ್ತಿಲ್ಲ, ಬೇಗ ಆಗಬೇಕು. ಅಷ್ಟೇ.

ನೆಪೋಲಿಯನ್‌ನ ಸೈನ್ಯದಲ್ಲಿ ಲಾರೆ ಅನ್ನುವ ಶಸ್ತ್ರವೈದ್ಯನಿದ್ದ. ಯುದ್ಧಭೂಮಿಯಲ್ಲಿ ಯಾರ ಗಾಯ ದೊಡ್ಡದೋ ಅವರಿಗೆ ಮೊದಲು ಚಿಕಿತ್ಸೆ, ಪದವಿ ನೋಡಬಾರದು ಅನ್ನುವುದು ಅವನ ನಿಯಮ. ನಮ್ಮ ದೇಶಕ್ಕೆ ಇದು ಬಹಳ ದೊಡ್ಡ ಮಾತು. ಹುಟ್ಟು ನೋಡಿ ಸಾಲು ನಿಲ್ಲಿಸಿದ ಸಮಾಜದಲ್ಲಿ ಗಾಯ ನೋಡಿ ಸಾಲು ನಿಲ್ಲಿಸುವುದು ಒಂದು ಬಂಡಾಯವೇ. ಆದರೆ ಲಾರೆಯ ನಿಯಮಕ್ಕೂ ಒಂದು ಕುರುಡು ಇದೆ. ಮೇಜಿನ ಮುಂದೆ ಬಂದ ಗಾಯ ಮಾತ್ರ ಅದಕ್ಕೆ ಕಾಣುವುದು.

ಆವತ್ತಿನ ಎಲ್ಲಕ್ಕಿಂತ ದೊಡ್ಡ ಗಾಯ ಬೆಳಿಗ್ಗೆಯಿಂದ ಜಗುಲಿಯ ಕೆಳಗೆ, ಸೂರಿನ ನೀರು ಬೀಳುವ ಕಡೆ ನಿಂತಿತ್ತು. ಕಾಲೋನಿಯ ಒಬ್ಬ ಅಜ್ಜಿ. ಪಾದ ಕೀವು ತುಂಬಿ ಬಾತುಕೊಂಡಿತ್ತು. ಮೇಲೆ ಬಾರಜ್ಜಿ ಅಂದರೆ, "ಮೊದ್ಲು ಅವ್ರುದ್ದಾಗ್ಲಿ ಮಗಾ, ನಮ್ದೇನವಸ್ರ" ಅಂದಳು. ಡಾಕ್ಟರು ಒಳ್ಳೆಯವರು, ಯಾರನ್ನೂ ಮುಟ್ಟದೆ ಕಳಿಸಿದವರಲ್ಲ. ನಾವೂ ಕೆಟ್ಟವರಲ್ಲ. ಕೆಟ್ಟವರೊಬ್ಬರೂ ಇಲ್ಲದ ಜಾಗದಲ್ಲಿ ಅಜ್ಜಿ ಸಂಜೆವರೆಗೆ ನೆನೆದಳು. ಲೈನ್ ಮನೆಯವರಂತೂ ಬರಲೇ ಇಲ್ಲ. ತೋಟದ ಹಳ್ಳ ಉಕ್ಕಿ ಅವರು ಆಚೆ ಉಳಿದದ್ದು ನಮಗೆ ಗೊತ್ತಾದದ್ದು ಮಾರನೇ ದಿನ. ಹೆಸರಿದ್ದವರು ಬರದಿದ್ದರೆ ಯಾಕೆ ಬಂದಿಲ್ಲ ಅಂತ ಕೇಳಬಹುದು. 'ಸುಮಾರು' ಬರದಿದ್ದರೆ ಯಾರನ್ನು ಹುಡುಕುವುದು?

ಇಲ್ಲಿ ಒಂದು ಆಕ್ಷೇಪ ಬರುತ್ತೆ. ಪ್ರಾಣ ಹೋಗುವ ಹೊತ್ತಲ್ಲೂ ಜಾತಿ ತರಬೇಡ್ರಪ್ಪ ಅಂತ. ತಂದವರು ನಾವಲ್ಲ ಸ್ವಾಮಿ. ಹೆಣದ ವಿಷಯವನ್ನೇ ನೋಡಿ. ವಿಪತ್ತು ಆದಾಗಲೆಲ್ಲ ಹೆಣ ಬೇಗ ತೆಗೀರಿ, ಸಾಂಕ್ರಾಮಿಕ ರೋಗ ಬರುತ್ತೆ ಅಂತ ಕೂಗು ಏಳುತ್ತೆ. ಪೆಟ್ಟಾಗಿಯೋ ಮುಳುಗಿಯೋ ಸತ್ತವರ ಹೆಣದಿಂದ ಸಾಮಾನ್ಯವಾಗಿ ಸಾಂಕ್ರಾಮಿಕ ಹರಡುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ರೋಗ ಹರಡುವುದು ಬದುಕಿದವರ ಕೊಳಕು ನೀರಿನಿಂದ, ಶಿಬಿರದ ಇಕ್ಕಟ್ಟಿನಿಂದ. ಸ್ವಲ್ಪವಾದರೂ ಅಪಾಯ ಇರುವುದು ಬರಿಗೈಯಲ್ಲಿ ಹೆಣ ಎತ್ತುವವನಿಗೆ. ಹಾಗಾದರೆ ಗವಸು, ಬೂಟು, ಲಸಿಕೆ ಮೊದಲು ಸಿಗಬೇಕಾದ್ದು ಯಾರಿಗೆ? 2004ರ ಸುನಾಮಿಯಲ್ಲಿ ನಾಗಪಟ್ಟಿಣಂ ದಡದಲ್ಲಿ ಹೆಣ ತೆಗೆದವರಲ್ಲಿ ಹೆಚ್ಚಿನವರು ಬೇರೆ ಊರುಗಳಿಂದ ಕರೆಸಿದ ಪೌರ ಕಾರ್ಮಿಕರು, ದಲಿತರು. ಹೆಣ ಅವರ ಪಾಲಿಗೆ, ಭಯ ಮಿಕ್ಕವರ ಪಾಲಿಗೆ. ಆ ಭಯ ವೈದ್ಯಶಾಸ್ತ್ರದ್ದಲ್ಲ. ಬಿಳಿ ಕೋಟು ಹಾಕಿಕೊಂಡು ಬಂದ ಮೈಲಿಗೆ ಅದು. ಇಲಿ ಜ್ವರದ್ದೂ ಇದೇ ಕಥೆ. 2018ರ ನೆರೆ ಇಳಿದ ಮೇಲೆ ಕೇರಳದಲ್ಲಿ ಅದು ಹಬ್ಬಿತು. ಕೆಸರಿಗಿಳಿಯುವವರಿಗೆ ಮುಂಚೆಯೇ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವ ಕ್ರಮ ಇದೆ. ಕೆಸರಿಗೆ ಇಳಿಯುವ ಒಡಕು ಕಾಲು ಯಾರದು ಅಂತ ಗೊತ್ತಿಲ್ಲದೆ ಮಾತ್ರೆಯನ್ನು ಸಮ ಸಮ ಹಂಚಿದರೆ ಅದು ಸಮಾನತೆ ಆಗುತ್ತದೆಯೇ?

ಕಾನೂನು ಇಲ್ಲವೆಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 61ನೇ ಕಲಂ ಪರಿಹಾರದಲ್ಲಿ ಜಾತಿ, ಲಿಂಗ, ಧರ್ಮದ ಭೇದ ಕೂಡದು ಅನ್ನುತ್ತೆ. ಯಾರಾದರೂ ಅಜ್ಜಿಯನ್ನು ತಳ್ಳಿದ್ದರೆ ಆ ಕಲಂ ಹಿಡಿದು ಕೇಳಬಹುದಿತ್ತು. ಯಾರೂ ತಳ್ಳಲಿಲ್ಲವಲ್ಲ!

1897ರಲ್ಲಿ ಪುಣೆಯ ಸುತ್ತ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮುಂಢ್ವಾದ ಮಹಾರ್ ಕೇರಿಗೆ ತಾವೇ ಹೋದರು. ಕಾಯಿಲೆ ಬಿದ್ದ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ದವಾಖಾನೆಗೆ ತಂದರು. ಅದೇ ಪ್ಲೇಗಿಗೆ ಮಾರ್ಚ್ 10ರಂದು ತೀರಿಕೊಂಡರು. ಅವರ ತ್ಯಾಗ ಹೊಗಳಿ ಜಯಂತಿ ಮಾಡಿ ಸುಮ್ಮನಾಗುವವರು ಬಹಳ. ನಮಗೆ ಮುಖ್ಯವಾಗಿ ಕಂಡದ್ದು ಆ ದಾರಿಯ ದಿಕ್ಕು. ಆಕೆ ದವಾಖಾನೆ ಬಾಗಿಲಲ್ಲಿ ಕೂತು ಸಾಲು ನಿಲ್ಲಿಸಲಿಲ್ಲ. ಕೇರಿಯಿಂದ ದವಾಖಾನೆಗೆ ನಡೆದರು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಜರಿದಾಗ ತೋಟದ ಪಾಡಿಗಳಲ್ಲಿದ್ದ ಕೂಲಿಯವರೂ ಕೊಚ್ಚಿಹೋದರು. ಸತ್ತವರಲ್ಲಿ ಚಾಮರಾಜನಗರದ ಕಡೆಯಿಂದ ಹೋದವರೂ ಇದ್ದರು. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ಎರಡು ದಿನದೊಳಗೆ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಮನಸ್ಸು ಮಾಡಿದರೆ ಹೊಳೆಯ ಆಚೆ ದಡಕ್ಕೂ ಹೋಗಬಹುದು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ನಮ್ಮ ಕಡೆಯ ತೋಟದ ಹಳ್ಳಕ್ಕೆ ಸೇನೆ ಬೇಕಾಗಿರಲಿಲ್ಲ. ಎರಡು ಅಡಿಕೆ ದಬ್ಬೆ ಸಾಕಾಗಿತ್ತು.

ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರು ಕೂರುವ ಮೊದಲು, ನಾವು ಕೆಲವರು ಇನ್ನೂರು ಪುಟದ ಒಂದು ನೋಟ್‌ಬುಕ್ ಹಿಡಿದು ಲೈನ್ ಮನೆಯಿಂದ ರಸ್ತೆ ಕಡೆಗೆ ನಡೆಯುತ್ತೇವೆ. ಹೆಸರು, ಯಾವ ಮಾತ್ರೆ, ಎಷ್ಟು ದಿನಕ್ಕಿದೆ, ಬಸುರಿಗೆ ಎಷ್ಟು ತಿಂಗಳು, ಹಳ್ಳ ಉಕ್ಕಿದರೆ ಬೇರೆ ದಾರಿ ಯಾವುದು. ಆಶಾ ಕಾರ್ಯಕರ್ತೆಯರಿಗೆ ಇದೆಲ್ಲ ಬಾಯಲ್ಲೇ ಇದೆ, ಅವರನ್ನು ಕೇಳುವವರಿಲ್ಲ. ಮೇಷ್ಟ್ರುಗಳು ಕೈಜೋಡಿಸಿದರೆ ಒಂದು ವಾರದ ಕೆಲಸ. ಕೆಲವು ತೋಟಗಳಲ್ಲಿ ರೈಟರು ಒಳಗೆ ಬಿಡುವುದಿಲ್ಲ. "ನಿಮಗ್ಯಾಕ್ರೀ ನಮ್ಮ ಆಳುಗಳ ಲೆಕ್ಕ?" ಅಂತಾರೆ. ಬರೆದ ಮೇಲೆ ಆ ನೋಟ್‌ಬುಕ್ ಯಾರ ಕೈಲಿರಬೇಕು ಅನ್ನುವ ಜಗಳ ನಮ್ಮೊಳಗೇ ಇನ್ನೂ ಮುಗಿದಿಲ್ಲ. ಆಸ್ಪತ್ರೆಗೆ ಕೊಡಬೇಕು ಅಂತ ಕೆಲವರು. ಕ್ಷಯ ಇದೆ ಅಂತ ತೋಟದವರಿಗೆ ಗೊತ್ತಾದರೆ ಕೆಲಸದಿಂದ ಬಿಡಿಸುತ್ತಾರೆ, ಕಾಲೋನಿಯವರ ಕೈಲೇ ಇರಲಿ ಅಂತ ಕೆಲವರು. ಹೋದ ಸಲ ಅದು ಒಬ್ಬ ಹೆಣ್ಣುಮಗಳ ಮನೆಯ ಅಕ್ಕಿ ಡಬ್ಬದಲ್ಲಿತ್ತು.